ನಾನೂರ ಎಪ್ಪತ್ತು ತಿಂಗಳು

ಅರ್ಡೆಲ್ ಗೆಣಸಿನ ಸಿಪ್ಪೆ ಹೆರೆಯುತ್ತಿದ್ದಳು. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡಿದ್ದಳು. ಗಂಡ ರಾಸ್ಕೋ ಕಚೇರಿಯ ಮೇಜಿನ ಮೇಲೆ ತಲೆಯಿಟ್ಟವನು ಮತ್ತೆ ಎತ್ತಲಿಲ್ಲವೆಂದು ಆ ಕಡೆಯವರು ಹೇಳಿದರು. “ಆಗಲಿ,” ಎಂದು ಫೋನಿಟ್ಟಳು. ಕೈಯಲ್ಲಿದ್ದ ಗೆಣಸನ್ನು ಪೂರ್ತಿ ಹೆರೆದಳು. ಇನ್ನೊಂದನ್ನೂ ತೆಗೆದುಕೊಂಡು ಹೆರೆದಳು. ಆಮೇಲೆ ಕೈಯಿಂದ ಚಾಕು ಜಾರಿತು. ಬೆಳಿಗ್ಗೆ ಟೋಪಿ ಮರೆತು ಹೊರಟವನನ್ನು ಬಾಗಿಲಲ್ಲಿ ನಿಲ್ಲಿಸಿ ಬೈದಿದ್ದಳು.

ಶನಿವಾರ ಮಣ್ಣು ಮಾಡಿದರು. ವಾಷಿಂಗ್ಟನ್ನಿನ ಅಂಚಿನಲ್ಲಿದ್ದ ಅವರ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಜನ ಎಣಿಸಿದ್ದಕ್ಕಿಂತ ಹೆಚ್ಚು ಬಂದಿದ್ದರು. ಕುರ್ಚಿ ಸಾಲುವುದಿಲ್ಲವೆಂದು ಯಾರೋ ಅಂದಾಗ, ರಾಸ್ಕೋನ ಕಾರಿನಲ್ಲಿ ಮಡಿಸುವ ಕುರ್ಚಿಗಳಿರುವುದು ಅರ್ಡೆಲ್‌ಗೆ ನೆನಪಾಯಿತು. ಬೇಡವೆಂದವರ ಮಾತು ಕೇಳದೆ ಎದ್ದು ಹೋದಳು. ಅವಳಿಗೆ ಒಂದಿಷ್ಟು ಗಾಳಿ ಬೇಕಿತ್ತು.

ಡಿಕ್ಕಿಯಲ್ಲಿ ಕುರ್ಚಿಗಳ ಹಿಂದೆ ಒಂದು ಪೆಟ್ಟಿಗೆ. ಒಳಗೆ ಗಂಡಸಿನ ಕಂದು ಬೂಟು. ಯಾರೂ ಮೆಟ್ಟಿದ್ದಲ್ಲ, ಆದರೆ ಮುಖ ಕಾಣುವಷ್ಟು ಪಾಲಿಶ್. ರಾಸ್ಕೋನದು ಸಣ್ಣ ಪಾದ. ಇದರೊಳಗೆ ಅವನ ಎರಡೂ ಪಾದ ಹಿಡಿಯುತ್ತಿದ್ದವು. ಇಷ್ಟು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದವನ ಕಾರಿನಲ್ಲಿ ಇದು ಯಾವ ಗಂಡಸಿನ ಬೂಟು? ಕುರ್ಚಿ ಮರೆತು, ಪೆಟ್ಟಿಗೆ ಹೊತ್ತು ಒಳಗೆ ಬಂದಳು.

ಚರ್ಚಿನವರೆಲ್ಲ ಮದರ್ ಎಂದು ಕರೆಯುತ್ತಿದ್ದ ಹಿರಿಯೆ ವರ್ನೀಸ್, ಬಿಳಿಯ ಉಡುಪು, ಬಿಳಿಯ ಟೋಪಿಯಲ್ಲಿ, ರಾಸ್ಕೋನ ಜೊತೆ ಕೆಲಸ ಮಾಡುತ್ತಿದ್ದ ಹಾಲಿಸ್‌ನ ತಟ್ಟೆಗೆ ಕೋಳಿತುಂಡು ಹಾಕುತ್ತಿದ್ದಳು.

“ಇಷ್ಟೇ ತಿಂದ್ರೆ ಹ್ಯಾಗಪ್ಪಾ? ಮಣ್ಣು ಮಾಡಿದ್ದು ಅವನನ್ನೋ ನಿನ್ನನ್ನೋ ಅಂತ ಜನ ಕೇಳ್ತಾರೆ ನೋಡು.” ಅಷ್ಟರಲ್ಲಿ ಪೆಟ್ಟಿಗೆ ಕಂಡು ಅವಳ ಮುಖ ಅರಳಿತು. “ಅಯ್ಯೋ, ನನ್ನ ಕರ್ಟಿಸನ ಬೂಟು! ನಮ್ಮನೇಲಿ ತೇವ, ಬೂಷ್ಟು ಹಿಡಿಯುತ್ತೆ ಅಂತ ರಾಸ್ಕೋ ಹತ್ರ ಕೊಟ್ಟಿದ್ದೆ. ಪಾಲಿಶ್ ಕೂಡ ಅವನೇ ಹಾಕ್ತಿದ್ದ. ಆ ದಿನ ಗೇಟಿನ ತನಕ ಕರ್ಕೊಂಡು ಹೋಗ್ತೀನಿ ಅಂದಿದ್ದ. ಇನ್ನು ಕಾರು ನೀನೇ ಓಡಿಸ್ಬೇಕು ಮಗಳೇ.”

“ಯಾವ ಗೇಟು, ಮದರ್ ವರ್ನೀಸ್?”

“ಜೈಲಿಂದು ಕಣೇ! ಅವನು ಆಚೆ ಬರೋ ದಿನ. ಮಗ ಜೈಲಿನ ಚಪ್ಪಲೀಲಿ ಮನೆಗೆ ಬರಬೇಕಾ?”

ಕರ್ಟಿಸನಿಗೆ ಫೆಡರಲ್ ಕೋರ್ಟಿನಲ್ಲಿ ಜೀವಾವಧಿ ಶಿಕ್ಷೆಯಾದದ್ದು ಚರ್ಚಿಗೆಲ್ಲ ಗೊತ್ತು. ಆ ಕೋರ್ಟಿನ ಜೀವಾವಧಿ ಎಂದರೆ ಹೆಣವೇ ಹೊರಗೆ ಬರುವುದು ಎಂದು ಅರ್ಡೆಲ್‌ಗೆ ಹೇಳಿದವನು ರಾಸ್ಕೋನೇ.

“ಅದು... ಜೀವಾವಧಿ ಅಲ್ವಾ?”

“ಹೂಂ. ಹಂಗಂದ್ರೆ ಎಷ್ಟು ಅಂತ ಜಡ್ಜೂ ಹೇಳ್ಲಿಲ್ಲ, ಆ ವಕೀಲನೂ ಹೇಳ್ಲಿಲ್ಲ. ನಿನ್ನ ಗಂಡ ಹೇಳ್ದ. ಶಿಕ್ಷೆ ಆದ ವರ್ಷ, ಒಂದು ಭಾನುವಾರ ಚರ್ಚಿಂದ ನನ್ನನ್ನ ಕಾರಲ್ಲಿ ಬಿಡೋಕೆ ಬಂದಿದ್ದ. ನಿಮ್ಮ ಆಫೀಸಲ್ಲಿ ಇಂಥವರಿಗೆ ಏನಂತ ಹಾಕ್ತೀರಪ್ಪಾ ಅಂದೆ. ನಾನೂರ ಎಪ್ಪತ್ತು ತಿಂಗಳು ಅಂದ. ಮನೆ ಬರೋದ್ರೊಳಗೆ ಬೆರಳಲ್ಲೇ ಲೆಕ್ಕ ಹಾಕ್ದೆ. ಮೂವತ್ತೊಂಬತ್ತು ವರ್ಷ, ಮೇಲೆರಡು ತಿಂಗಳು. ಈಗ ಅರ್ಧ ಕಳೀತು. ಅವನು ಬರೋವಾಗ ನನಗೆ ತೊಂಬತ್ತಾರು. ನಮ್ಮಮ್ಮ ತೊಂಬತ್ತೆಂಟು ಎಳೆದ್ಲು. ನಾನೇನು ಅವಳಿಗಿಂತ ಕಮ್ಮೀನಾ?”

* * *

ಆ ಭಾನುವಾರ ರಾಸ್ಕೋ ತಡವಾಗಿ ಬಂದು ಊಟದ ತಟ್ಟೆ ಮುಟ್ಟದೆ ಕುಳಿತಿದ್ದ.

ದೇಶದ ಫೆಡರಲ್ ಕೋರ್ಟುಗಳ ತೀರ್ಪುಗಳನ್ನು ಓದಿ, ಹೆಸರು ಕಿತ್ತುಹಾಕಿ, ಒಬ್ಬೊಬ್ಬ ಮನುಷ್ಯನನ್ನು ಒಂದು ಸಾಲು ಅಂಕಿಗಳಾಗಿ ಮಾಡುವುದು ಅವನ ಕೆಲಸ. ಜೀವಾವಧಿಯನ್ನು ಕೂಡಿಸಿ ಸರಾಸರಿ ತೆಗೆಯಲು ಬರುವುದಿಲ್ಲ. ಅದಕ್ಕೊಂದು ಅಂಕಿ ಬೇಕು. ನಾನೂರ ಎಪ್ಪತ್ತು ಎಂದು ಹಾಕುತ್ತಿದ್ದರು. ಅದು ಲೆಕ್ಕಕ್ಕೆ ಮಾತ್ರ. ಜೈಲಿನ ಬೀಗಕ್ಕೂ ಅದಕ್ಕೂ ಸಂಬಂಧವಿರಲಿಲ್ಲ.

“ಒಬ್ಬರು ಕೇಳಿದ್ರು, ಇರೋ ಅಂಕಿ ಹೇಳ್ದೆ,” ಎಂದ. “ಸುಳ್ಳಲ್ಲ ಕಣೇ.”

“ಸುಳ್ಳಲ್ದಿದ್ರೆ ಊಟ ಮಾಡು.”

“ಅವರು ನಕ್ಕುಬಿಟ್ರು, ಅರ್ಡೆಲ್. ಎಷ್ಟೋ ದಿನದ ಮೇಲೆ ನಕ್ಕರು. ಆಮೇಲೆ ಅದು ಬರೀ ಲೆಕ್ಕಕ್ಕೆ ಅನ್ನೋಕೆ ನನಗೆ ಬಾಯೇ ಬರ್ಲಿಲ್ಲ.”

ಯಾರು, ಏನು ಎಂದು ಅವಳು ಕೇಳಿರಲಿಲ್ಲ. ಸಾರು ಆರುತ್ತಿತ್ತು.

* * *

ಹಾಲಿಸ್ ಮುಳ್ಳುಚಮಚ ಕೆಳಗಿಟ್ಟಿದ್ದ.

“ಅಮ್ಮಾ, ಆ ಅಂಕಿ ನಾವು ಬರೀ ಸರಾಸರಿಗೆ...”

“ಹಾಲಿಸ್,” ಎಂದಳು ಅರ್ಡೆಲ್. “ಡಿಕ್ಕೀಲಿ ಕುರ್ಚಿ ಇದಾವೆ. ತಗೊಂಡ್ಬಾ. ಈಗ್ಲೇ.”

ಅವನು ಅವಳ ಮುಖ ನೋಡಿದ. ಎದ್ದು ಹೋದ.

“ಪಾಪ, ಉಣ್ಣೋಕಾದ್ರೂ ಬಿಡಬಾರ್ದಾ,” ಎಂದಳು ವರ್ನೀಸ್. ಆಮೇಲೆ ಮೆಲ್ಲಗೆ, “ಓಡಿಸ್ತೀಯಲ್ಲಾ, ಮಗಳೇ?”

ಅರ್ಡೆಲ್ ದೇವರ ಆಲಯದಲ್ಲಿ ನಿಂತಿದ್ದಳು. ಗಂಡನ ಗೋರಿಯ ಮಣ್ಣು ಇನ್ನೂ ಅವಳ ಚಪ್ಪಲಿಗೆ ಮೆತ್ತಿಕೊಂಡಿತ್ತು.

“ಓಡಿಸ್ತೀನಿ,” ಎಂದಳು.

ಅಷ್ಟರಲ್ಲಿ ಪಾಸ್ಟರು ಕಡೆಯ ಪ್ರಾರ್ಥನೆಗೆ ಮದರ್ ವರ್ನೀಸರನ್ನು ಕರೆದರು. ಮುದುಕಿ ಮೇಜು ಹಿಡಿದು ಎದ್ದಳು. ಇಡೀ ಕೋಣೆ ತಲೆತಗ್ಗಿಸಿತು.

“ಕರ್ತನೇ, ನಿನ್ನ ದಾಸ ರಾಸ್ಕೋ ಬಂದಿದಾನೆ. ಬಾಗಿಲು ತೆಗಿ. ಇವನು ಯಾರಿಗೂ ಸುಳ್ಳು ಹೇಳಿದವನಲ್ಲಪ್ಪಾ. ಇವನ ಒಂದು ಮಾತು ಹಿಡ್ಕೊಂಡು ನಾನು ಇಲ್ಲೀತನಕ ನಡೆದಿದೀನಿ, ಇನ್ನೂ ನಡೀತೀನಿ. ಇವನಿಗೆ ವಿಶ್ರಾಂತಿ ಕೊಡು.”

“ಆಮೆನ್,” ಎಂದರು ಎಲ್ಲರೂ.

ಅರ್ಡೆಲ್ ಹೇಳಲಿಲ್ಲ. ಬೂಟಿನ ಮೂತಿಯ ಮೇಲೆ ತನ್ನದೇ ಬೆರಳಿನ ಗುರುತು ಬಿದ್ದಿತ್ತು. ತೋಳಿನ ಕಪ್ಪು ಬಟ್ಟೆಯಿಂದ ಅದನ್ನು ಒರೆಸಿದಳು. ಹೊಳಪು ಬರುವವರೆಗೂ ಒರೆಸಿದಳು. ಕಾಗದ ಮುಚ್ಚಿ, ಮುಚ್ಚಳ ಹಾಕಿ, ಕುಳಿತು ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ ತನ್ನಷ್ಟಕ್ಕೆ ಬೇಡಿಕೊಂಡಳು.

“ಕರ್ತನೇ, ಅವನಿಗೆ ಶಾಂತಿ ಕೊಡು. ಆ ಒಂದು ಮಾತನ್ನ ಅವನ ಮೇಲೆ ಹೊರಿಸಬೇಡ. ಆಮೆನ್.”