ಕೆಂಪು ಪಟ್ಟಿ ಯಾರ ತಲೆಯಲ್ಲಿತ್ತು

ಶಲೇಶ್ನಿ ಅಕ್ಕನ ಅಂಗಡಿಯಲ್ಲಿ ನನ್ನ ಕೆಲಸ ಹೊಲಿಗೆ. ಅಂಗಡಿ ಇರುವುದು ನಮ್ಮ ದ್ವೀಪದ ಸಿಂಗತೋಕ ಪಟ್ಟಣದ ಮಾರುಕಟ್ಟೆಯ ಹಿಂದೆ. ಹೊರಗೆ ಮೊಬೈಲ್ ರಿಪೇರಿಯ ಬೋರ್ಡು, ಒಳಗಿನ ಮೇಜಿನ ಮೇಲೆ ಅಕ್ಕನ ನಿಜವಾದ ಕೆಲಸ: ರಗ್ಬಿ ಹುಡುಗರು ತಲೆಗೆ ಕಟ್ಟಿಕೊಳ್ಳುವ ಪಟ್ಟಿ, ಎದೆಗೆ ಕಟ್ಟಿಕೊಳ್ಳುವ ಬೆಲ್ಟು. ತಲೆಗೆ ಎಷ್ಟು ಜೋರಾಗಿ ಏಟು ಬಿತ್ತೆಂದು ಪಟ್ಟಿ ಹೇಳಬೇಕು, ಹೃದಯ ಎಷ್ಟು ವೇಗವಾಗಿ ಬಡಿಯುತ್ತಿದೆಯೆಂದು ಬೆಲ್ಟು ಹೇಳಬೇಕು. ಎರಡೂ ಅಕ್ಕನ ಫೋನಿಗೆ ಸುದ್ದಿ ಕಳಿಸಬೇಕು. ಹೊರದೇಶದಿಂದ ತರಿಸಿದರೆ ಊರಿನ ತಂಡಗಳಿಗೆ ಎಟುಕುವ ಬೆಲೆಯಲ್ಲ. ಅದಕ್ಕೇ ಅಕ್ಕ ತಾನೇ ಮಾಡಲು ಹೊರಟಿದ್ದಳು.

ಅವಳು ಭಾರತೀಯ ಮೂಲದವಳು, ರಾಜಧಾನಿ ಸುವಾದಲ್ಲಿ ಎಂಜಿನಿಯರಿಂಗ್ ಓದಿದವಳು. ನಾನು ಶಾಲೆಯನ್ನು ಅರ್ಧಕ್ಕೇ ಬಿಟ್ಟವಳು. ಅಂಗಡಿಯಲ್ಲಿ ಮಾತೆಲ್ಲ ಅವಳದು, ಅದು ನನಗೂ ಅನುಕೂಲವಾಗಿತ್ತು. ಮೊದಮೊದಲು ಯಾರಾದರೂ ಆಟಗಾರನ ಬೆನ್ನು ತಟ್ಟಿದರೂ ಪಟ್ಟಿ ಏಟೆಂದು ಲೆಕ್ಕ ಹಾಕುತ್ತಿತ್ತು. ಅಕ್ಕ ಪಟ್ಟಿಯನ್ನು ತೆಂಗಿನಕಾಯಿಗೆ ಕಟ್ಟಿ ಸಿಮೆಂಟು ನೆಲಕ್ಕೆ ಬೀಳಿಸಿ ಬೀಳಿಸಿ ಅದನ್ನು ಸರಿಮಾಡಿದಳು. ಒಡೆದ ಕಾಯಿಯನ್ನೆಲ್ಲ ತುರಿದು ಮನೆಗೆ ಒಯ್ಯುವುದೂ ನನ್ನ ಕೆಲಸವೇ. ಎದೆಯ ಬೆಲ್ಟು ಬೆವರಿಗೆ ಜಾರುತ್ತಿದ್ದಾಗ ಹೆಂಗಸರ ಒಳಉಡುಪಿನ ಎಲಾಸ್ಟಿಕ್ ಹಾಕಿ ಹೊಲಿದೆ. ಅದು ಜಾರಲಿಲ್ಲ. ಎಲ್ಲಿಂದ ತಂದ ಎಲಾಸ್ಟಿಕ್ ಎಂದು ಹುಡುಗರು ಕೇಳದಿರಲಿ ಎಂದು ಬೇಡಿಕೊಂಡೆ.

ಐದು ಜೊತೆ ತಯಾರಾದವು. ನಮ್ಮ ಊರಿನ ತಂಡದಲ್ಲೇ ಪರೀಕ್ಷೆ ಎಂದು ನಿಶ್ಚಯವಾಯಿತು, ಏಕೆಂದರೆ ತಂಡದ ತರಬೇತುದಾರ ಅಪೆನಿಸಾ ನನ್ನ ಸೋದರಮಾವ. ಮಾವ ಹುಡುಗರನ್ನೆಲ್ಲ ಕೂರಿಸಿಕೊಂಡು ಅಕ್ಕನ ಮುಂದೆಯೇ ಮಾತು ಕೊಟ್ಟರು.

"ಫೋನಿನಲ್ಲಿ ಯಾರ ಹೆಸರಿಗೆ ಕೆಂಪು ಬೀಳುತ್ತೋ ಅವನು ಮುಂದಿನ ಪಂದ್ಯ ಆಡೋ ಹಾಗಿಲ್ಲ. ನನ್ನ ಮಗನಾದ್ರೂ ಅಷ್ಟೇ. ಅಳೋರು ಈಗಲೇ ಅತ್ತುಬಿಡಿ."

ಐವರಿಗೆ ಮಾತ್ರ ಸಿಕ್ಕಿತು. ಕೆಂಪು ಬಟ್ಟೆಯದು ನನ್ನ ಅಣ್ಣ ಇಲಿಯೆಸಾನದು. ಮಾವನ ಮಗ ವಾತಿಸೋನಿಗೆ ಸಿಗಲಿಲ್ಲ. ನಮ್ಮಲ್ಲಿ ಸೋದರಮಾವನ ಮಕ್ಕಳ ಜೊತೆ ತಮಾಷೆ ಮಾಡಬಹುದು, ಮಾಡಲೇಬೇಕು. ಒಡಹುಟ್ಟಿದ ಅಣ್ಣನ ಜೊತೆ ಮಾತ್ರ ನೇರ ಮಾತು ಕಡಿಮೆ. ಹಾಗಾಗಿ ಇಲಿಯೆಸಾ ನನ್ನ ಕಡೆ ನೋಡದೆ ಪಟ್ಟಿ ತೆಗೆದುಕೊಂಡು ಹೋದ, ವಾತಿಸೋನಿ ನನ್ನೆದುರೇ ನಿಂತ.

"ಏನೇ ಮೂಗಿ, ಇವತ್ತು ಎಷ್ಟು ಮಾತು ಖರ್ಚಾಯ್ತು? ಸಾಲ ಬೇಕಾ? ನನ್ನ ಹತ್ರ ಬೇಕಾದಷ್ಟಿದೆ."

ನಾನು ಸೂಜಿ ತೋರಿಸಿದೆ. ಅವನು ಓಡಿದ.

ಆ ಶನಿವಾರ ಅಭ್ಯಾಸ ಪಂದ್ಯ. ಬೇಕಾದಾಗ ಒಳಗೆ ಹೋಗುವುದು, ಸುಸ್ತಾದಾಗ ಹೊರಗೆ ಬರುವುದು, ಯಾರೂ ಬರೆದಿಡುವುದಿಲ್ಲ. ಅಕ್ಕನಿಗೆ ಅಂಗಡಿ ಬಿಟ್ಟು ಬರಲಾಗಲಿಲ್ಲ. ನಾನು ಅಂಚಿನಲ್ಲಿ ಚಾಪೆಯ ಮೇಲೆ ಕೂತಿದ್ದೆ. ಇಲಿಯೆಸಾ ಹೊರಗೆ ಬಂದ. ಅವನ ಬದಲಿಗೆ ಒಳಗೆ ಹೋಗುತ್ತಿದ್ದ ವಾತಿಸೋನಿ ಅವನ ತಲೆ ನೋಡಿ ಕೇಳಿದ, "ಚೆನ್ನಾಗಿದೆಯೋ ಆ ಪಟ್ಟಿ. ಕೊಡೋ."

ಇಲಿಯೆಸಾ ಬಿಚ್ಚಿ ಕೊಟ್ಟ. ಕೇಳಿದ ಮೇಲೆ ಕೊಡದೆ ಇರುವವರು ನಮ್ಮಲ್ಲಿ ಯಾರು? ಅಂಗಿ ಕೇಳಿದರೆ ಅಂಗಿ, ಚಪ್ಪಲಿ ಕೇಳಿದರೆ ಚಪ್ಪಲಿ. ನನಗೂ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಅಣ್ಣ ಎದೆಯ ಬೆಲ್ಟಿನ ಸಮೇತ ಮಾವಿನ ಮರದ ಕೆಳಗೆ ಮಲಗಿ ನೀರು ಕುಡಿದ. ಮೈದಾನದಲ್ಲಿ ವಾತಿಸೋನಿ ಒಬ್ಬ ದಢೂತಿಯನ್ನು ಹಿಡಿಯಲು ಹೋಗಿ ಅವನ ಮೊಣಕಾಲಿಗೆ ತಲೆ ಕೊಟ್ಟ. ಬಿದ್ದ, ಎದ್ದ, ಕೈ ಬೀಸಿದ. ಜನ ಚಪ್ಪಾಳೆ ತಟ್ಟಿದರು. ಆಟ ಮುಗಿದ ಮೇಲೆ ಪಟ್ಟಿ ಅಣ್ಣನ ಚೀಲಕ್ಕೆ ವಾಪಸು ಬಂತು.

ಸೋಮವಾರ ಪಟ್ಟಿ, ಬೆಲ್ಟುಗಳನ್ನು ಅಂಗಡಿಗೆ ಒಯ್ದಾಗ ಅಕ್ಕನ ಫೋನಿನಲ್ಲಿ ಇಲಿಯೆಸಾನ ಹೆಸರಿಗೆ ದೊಡ್ಡ ಕೆಂಪು ಗೆರೆ ಬಿದ್ದಿತ್ತು. ಅಕ್ಕ ಅದನ್ನು ಮಾವನಿಗೆ ಹೇಳಿಬಿಟ್ಟಳು, ಅಲ್ಲಿಗೆ ಅಣ್ಣನ ಮುಂದಿನ ಪಂದ್ಯ ಹೋಯಿತು. ಆಮೇಲೆ ಮತ್ತೆ ಮತ್ತೆ ಫೋನು ನೋಡಿ ತಲೆ ಕೆರೆದುಕೊಂಡಳು.

"ಇಷ್ಟು ದೊಡ್ಡ ಏಟು ಬಿದ್ದಿದೆ, ಹೃದಯ ನೋಡಿದ್ರೆ ಮಲಗಿರೋ ಮನುಷ್ಯಂದು! ಬೆಲ್ಟೇ ಕೆಟ್ಟಿದೆ ಕಣೇ ಸೆಯಿನಿ. ಮತ್ತೆ ಮೊದಲಿಂದ ಬಿಚ್ಚಬೇಕು."

ಅವಳು ಬೆಲ್ಟು ಬಿಚ್ಚತೊಡಗಿದಳು. ನನಗೆ ಮಾವಿನ ಮರ ನೆನಪಾಯಿತು. ಬೆಲ್ಟು ಕೆಟ್ಟಿರಲಿಲ್ಲ. ಪಟ್ಟಿಯೂ ಕೆಟ್ಟಿರಲಿಲ್ಲ. ಒಬ್ಬನ ತಲೆ, ಇನ್ನೊಬ್ಬನ ಎದೆ. ಹಾಗೆಂದು ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಗಿರಾಕಿ ಬಂದ. ಮುಚ್ಚಿದೆ. ಹೇಳಿದರೆ ನನ್ನ ಅಣ್ಣನನ್ನು ಆಟಕ್ಕೆ ಸೇರಿಸಲು ಮಾವನ ಮಗನನ್ನು ಹೊರಗೆ ತಳ್ಳಿದೆ ಅನ್ನುತ್ತಾರೆ. ಬರುವ ಶನಿವಾರದ ಅಂತಿಮ ಪಂದ್ಯಕ್ಕೆ ಪ್ರಾಂತ್ಯದ ತಂಡ ಆರಿಸುವವರು ಬರುವವರಿದ್ದರು. ಅಣ್ಣ ತಾನಾಗಿ ಹೇಳಲಾರ. ಕೊಟ್ಟಿದ್ದನ್ನು ಎತ್ತಿ ಆಡಿದಂತಾಗುತ್ತದೆ. ವಾತಿಸೋನಿ ಹೇಳುವುದೇ ಇಲ್ಲ.

ಸಂಜೆ ಊರಿನಲ್ಲಿ ಬಸ್ಸಿಳಿದು ಮನೆಗೆ ಬಂದರೆ ವಾತಿಸೋನಿ ನಮ್ಮ ಮನೆಯಲ್ಲೇ ಕೂತಿದ್ದ. ಅಮ್ಮ ನಿಂಬೆ ಎಲೆಯ ಚಹಾ, ಬೇಯಿಸಿದ ಮರಗೆಣಸು ಕೊಟ್ಟಿದ್ದಳು.

"ಏನೇ ಮೂಗಿ, ಇವತ್ತು ಎಷ್ಟು ಮಾತು ಖರ್ಚಾಯ್ತು? ಸಾಲ ಬೇಕಾ?"

"ನಿನ್ನ ಬಡ್ಡಿ ಜಾಸ್ತಿ," ಎಂದೆ. ಅಮ್ಮ ನಕ್ಕಳು. ಅವನೂ ನಕ್ಕ. ಬಾಗಿಲ ಕಡೆಯಿಂದ ಬಿಸಿಲು ಬರುತ್ತಿತ್ತು, ಅವನು ಕಣ್ಣು ಕಿರಿದು ಮಾಡಿ ಗೋಡೆಯ ಕಡೆ ತಿರುಗಿದ. ಚಹಾ ಒಂದು ಗುಟುಕು ಕುಡಿದ. ನನ್ನನ್ನು ಈಗಷ್ಟೇ ಕಂಡವನಂತೆ ಮುಖ ಅರಳಿಸಿದ.

"ಏನೇ ಮೂಗಿ, ಇವತ್ತು ಎಷ್ಟು ಮಾತು ಖರ್ಚಾಯ್ತು?"

ಅಮ್ಮ ಮತ್ತೆ ನಕ್ಕಳು, ಹುಡುಗ ಬೇಕೆಂದೇ ಮಾಡುತ್ತಿದ್ದಾನೆ ಎಂದುಕೊಂಡು. ನನಗೆ ನಗು ಬರಲಿಲ್ಲ.

ಮರುದಿನ ಅಂಗಡಿಗೆ ಹೋದವಳೇ ಅಕ್ಕನಿಗೆ ಎಲ್ಲ ಹೇಳಿದೆ. ಅವಳು ಕೈಯಲ್ಲಿದ್ದ ಬೆಲ್ಟನ್ನು ಮೇಜಿನ ಮೇಲಿಟ್ಟಳು.

"ಅಯ್ಯೋ, ಹುಟ್ಟಿದಾಗಿಂದ ಇಲ್ಲೇ ಇದ್ದೀನಿ. ನನ್ನ ಛತ್ರಿ ಮೂರು ಮನೆ ತಿರುಗಿ ಬರುತ್ತೆ. ಪಟ್ಟಿ ಮಾತ್ರ ಒಬ್ಬನ ತಲೇಲೇ ಇರುತ್ತೆ ಅಂದ್ಕೊಂಡೆನಲ್ಲ!" ಎಂದಳು. ಆಮೇಲೆ ದನಿ ತಗ್ಗಿಸಿದಳು. "ಎರಡನೇ ಸಲ ಏಟು ಬಿದ್ರೆ ಕಷ್ಟ ಸೆಯಿನಿ. ನಾನು ಬಂದು ಹೇಳ್ಲಾ?"

"ಬೇಡ. ಹೊರಗಿನವರ ಮಾತು ಅಂತ ಅವನು ನಕ್ಕುಬಿಡ್ತಾನೆ. ನಾನೇ ಹೋಗ್ತೀನಿ."

ಮಾರುಕಟ್ಟೆಯಲ್ಲಿ ಒಂದು ಕಟ್ಟು ಯಂಗೋನ ಬೇರು ಕೊಂಡೆ, ನಮ್ಮ ಹಿರಿಯರು ಕುಟ್ಟಿ ನೀರಲ್ಲಿ ಕಲಸಿ ಕುಡಿಯುವ ಬೇರು. ಬೇರು ಮುಂದಿಟ್ಟು ಕೇಳಿದರೆ ಅದು ತಮಾಷೆಯಲ್ಲ ಎಂದು ಎಲ್ಲರಿಗೂ ಗೊತ್ತು. ಅದೂ ಅಲ್ಲದೆ, ಸೋದರಮಾವನ ಮನೆಯಲ್ಲಿ ತಂಗಿಯ ಮಕ್ಕಳು ಏನು ಕೇಳಿದರೂ ಇಲ್ಲ ಎನ್ನುವಂತಿಲ್ಲ. ಇಲಿಯೆಸಾ ಚಿಕ್ಕವನಿದ್ದಾಗ ಮಾವನ ಹಂದಿಯನ್ನೇ ಎಳೆದುಕೊಂಡು ಬಂದಿದ್ದ. ಮಾವ ಬೈಯುವ ಬದಲು ಗಟ್ಟಿ ಹಗ್ಗ ಕಳಿಸಿಕೊಟ್ಟಿದ್ದರು. ನಾನು ಮಾತ್ರ ಇಷ್ಟು ವರ್ಷದಲ್ಲಿ ಒಂದು ಬಾಳೆಹಣ್ಣನ್ನೂ ಕೇಳಿರಲಿಲ್ಲ.

ಮಾವನ ಮನೆಯಲ್ಲಿ ಬಾಗಿಲ ಹತ್ತಿರವೇ ಕೂತು ಬೇರಿನ ಕಟ್ಟನ್ನು ಮುಂದಿಟ್ಟೆ. ವಾತಿಸೋನಿ ಮೂಲೆಯಲ್ಲಿ ಬೂಟು ಒರೆಸುತ್ತಿದ್ದ.

"ಓಹೋ, ನಮ್ಮ ಸೆಯಿನಿ ಬಾಯಿ ಬಿಡ್ತಾಳೆ!" ಎಂದರು ಮಾವ. "ಕೊನೆಗೂ ಬಂದೆಯಲ್ಲಮ್ಮ. ಹಂದಿ ಬೇಕಾ? ದೋಣಿ ಬೇಕಾ? ದೋಣಿ ತೂತು, ಮೊದಲೇ ಹೇಳ್ತಿದ್ದೀನಿ."

ನಾನು ಚಾಪೆಯ ಹೆಣಿಗೆಯನ್ನು ನೋಡುತ್ತಾ ಹೇಳಿದೆ. "ಶನಿವಾರಕ್ಕೆ ವಾತಿಸೋನಿಯನ್ನ ನನಗೆ ಕೊಡಿ ಮಾವ."

ಮಾವ ನಕ್ಕರು. ಬೇರಿನ ಕಟ್ಟು ನೋಡಿದರು. ನಗು ನಿಂತಿತು.

"ಯಾಕೆ?"

"ಪಟ್ಟಿ ಅವನ ತಲೇಲಿತ್ತು. ಅಣ್ಣ ಮರದ ಕೆಳಗೆ ಮಲಗಿದ್ದ."

"ಸುಳ್ಳು!" ವಾತಿಸೋನಿ ಎದ್ದ. ಎದ್ದ ವೇಗಕ್ಕೆ ಗೋಡೆ ಹಿಡಿದುಕೊಂಡ. "ಅಪ್ಪ, ಅವಳ ಅಣ್ಣನನ್ನ ಆಡಿಸೋಕೆ ಇದೆಲ್ಲ. ನಾನು ಚೆನ್ನಾಗೇ ಇದ್ದೀನಿ."

"ಅಣ್ಣನೂ ಆಡೋದು ಬೇಡ ಅಂದ್ರೆ ಬೇಡ," ಎಂದೆ. "ನಾನು ಕೇಳ್ತಿರೋದು ನಿನ್ನನ್ನ."

ಮಾವ ಮಗನ ಕೈಯನ್ನು ನೋಡಿದರು. ಅದಿನ್ನೂ ಗೋಡೆಯ ಮೇಲೇ ಇತ್ತು. ತಂಡದಲ್ಲಿ ಅವನಷ್ಟು ಚೆನ್ನಾಗಿ ಚೆಂಡು ಒದೆಯುವವರು ಇನ್ನೊಬ್ಬರಿಲ್ಲವೆಂದು ನನಗೂ ಗೊತ್ತಿತ್ತು. ಆಮೇಲೆ ಮಾವ ಬೇರಿನ ಕಟ್ಟನ್ನು ಮುಟ್ಟಿ ತಮ್ಮ ಕಡೆ ಎಳೆದುಕೊಂಡರು.

"ತಗೊಂಡು ಹೋಗು," ಎಂದರು. "ಮೊದಲು ಆರೋಗ್ಯ ಕೇಂದ್ರಕ್ಕೆ. ನಾನೂ ಬರ್ತೀನಿ."

ಅಲ್ಲಿನ ನರ್ಸು ಅವನ ಕಣ್ಣಿಗೆ ಟಾರ್ಚು ಬಿಟ್ಟು ನೋಡಿ, ಅವನನ್ನು ದೊಡ್ಡ ಆಸ್ಪತ್ರೆಗೆ ಕಳಿಸಿದಳು. ಮೆದುಳಿಗೆ ಪೆಟ್ಟಾಗಿದೆ, ನಾವು ಹೇಳುವವರೆಗೂ ಮೈದಾನದ ಹತ್ತಿರ ಸುಳಿಯಬೇಡ ಎಂದರು ಅಲ್ಲಿನ ವೈದ್ಯರು.

ಅಕ್ಕ ಆ ವಾರವೇ ಪಟ್ಟಿಯನ್ನು ಬದಲಿಸಿದಳು. ಈಗ ಪಟ್ಟಿಯೂ ಬೆಲ್ಟೂ ಒಂದೇ ಮೈಮೇಲೆ ಇಲ್ಲದಿದ್ದರೆ ಫೋನು ಕೂಗುತ್ತದೆ. ಆಗ ಯಾರು ಕಟ್ಟಿಕೊಂಡಿದ್ದಾರೋ ಅವರ ಹೆಸರು ಒತ್ತಬೇಕು. ಯಾರಿಗೂ ಕೊಡಬೇಡಿ ಎಂದು ಅವಳು ಹುಡುಗರಿಗೆ ಹೇಳಲಿಲ್ಲ. ಹೇಳಿಯೂ ಪ್ರಯೋಜನವಿರಲಿಲ್ಲ.

ಶನಿವಾರ ಇಲಿಯೆಸಾ ಆಡಿದ. ಕೊನೆಯಲ್ಲಿ ಚೆಂಡು ಒದೆಯುವವರಿಲ್ಲದೆ ನಾವು ಸೋತೆವು. ಪ್ರಾಂತ್ಯದವರು ನಮ್ಮ ಊರಿನ ಯಾರನ್ನೂ ಆರಿಸಲಿಲ್ಲ. ವಾತಿಸೋನಿ ತಲೆಯ ಮೇಲೆ ಟವೆಲು ಹಾಕಿಕೊಂಡು, ಮೈದಾನ ಕಾಣದ ಹಾಗೆ ನಮ್ಮ ಮನೆಯ ಹಿಂದೆ ನನ್ನ ಚಾಪೆಯ ಮೇಲೆ ಮುಖ ಗಂಟು ಹಾಕಿ ಕೂತಿದ್ದ. ದೂರದಿಂದ ಕೂಗು ಕೇಳುತ್ತಿತ್ತು. ಕೂಗು ನಿಂತ ಮೇಲೆ ಅವನೆಂದ.

"ಏನೇ ಮೂಗಿ, ನಮ್ಮನೇಲಿ ಒಂದೇ ಸಲಕ್ಕೆ ಎಲ್ಲ ಮಾತೂ ಖರ್ಚು ಮಾಡ್ಬಿಟ್ಟೆಯಲ್ಲ." ಆಮೇಲೆ ಟವೆಲನ್ನು ಸ್ವಲ್ಪ ಸರಿಸಿ ನನ್ನ ಮುಖ ನೋಡಿದ. "ಇದನ್ನ ಮೊದಲೇ ಹೇಳಿದ್ನಾ?"

"ಇಲ್ಲ," ಎಂದೆ. "ಇದು ಹೊಸದು."

ಅವನು ನನ್ನ ಕೈಯಲ್ಲಿದ್ದ ಎಳನೀರಿಗೆ ಕೈ ಚಾಚಿದ. ಕೊಟ್ಟೆ.