ಆಕಾಶಕ್ಕೆ ಬಳಿದ ಕೆಂಪು

ಎಪ್ಪತ್ತೆಂಟರ ಬೇಸಿಗೆ ರಜೆ. ಹೊನ್ನಾಳಿಯ ಮನೆಯ ಪಡಸಾಲೆಯಲ್ಲಿ ರುದ್ರಾಣಿ ಬೆಳಗಿನಿಂದ ಮಗಳು ಶೈಲಳ ಜೊತೆ ಕೂತು ನೀರುಬಣ್ಣದಲ್ಲಿ ಹೊಳೆಯ ಚಿತ್ರ ಬರೆಯುತ್ತಿದ್ದಳು.

ಮಧ್ಯಾಹ್ನ ಅವಳು ಒಳಗೆ ಹೋಗಿ ರೊಟ್ಟಿ ತಟ್ಟಿ ಬರುವಷ್ಟರಲ್ಲಿ, ಮಾವ ಶಿವಮೂರ್ತಪ್ಪನವರು ಕುಂಚ ತೊಳೆಯುವ ಲೋಟಕ್ಕೆ ಎಲೆಅಡಿಕೆ ಉಗುಳಿದ್ದರು. ಕೂತಲ್ಲಿಂದ ಏಳದೆ ಕೈಗೆ ಸಿಕ್ಕಿದ್ದಕ್ಕೆ ಉಗುಳುವುದೇ ಅವರ ದೊಡ್ಡಸ್ತಿಕೆ. ಶೈಲ ಆ ಕೆಂಪನ್ನೇ ಆಕಾಶಕ್ಕೆಲ್ಲ ಬಳಿದು, ತುದಿ ಚೂಪಾಗಲೆಂದು ಕುಂಚವನ್ನು ಚೀಪುತ್ತಿದ್ದಳು.

ಥೂ! ರುದ್ರಾಣಿ ಮಗಳನ್ನು ದರದರನೆ ಬಚ್ಚಲಿಗೆ ಎಳೆದೊಯ್ದು ಬಾಯಿ ಉಜ್ಜಿಸಿ ಬಂದರೆ, ಮಾವ ಚಿತ್ರ ಎತ್ತಿ ಹಿಡಿದು ನೋಡುತ್ತಿದ್ದರು.

"ಸಂಜೆ ಕೆಂಪು ಹೆಂಗೆ ಬಂದೈತೆ ನೋಡಮ್ಮ! ದೇವರ ಜಗಲಿ ಮ್ಯಾಲಿಡು."

"ಇಡ್ತೀನಿ ಮಾವಾರೆ. ನೀವು ಉಗುಳಿದ್ದೇ ಅದು. ಊದಿನಕಡ್ಡಿನೂ ನೀವೇ ಹಚ್ಚಿರಿ."