ತಿಳಿ ನೀಲಿ ಔಷಧ

ಗಾಳೆಮ್ಮ ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಒಳಗಿನ ಔಷಧ ತಿಳಿ ನೀಲಿ.

“ಇದು ಮೈಲುತುತ್ತ ಅಲ್ಲೇನ್ರಿ ಅಮ್ಮಾರ? ನಮ್ಮ ಕೇರಿ ಪಾಲಣ್ಣ ಇದನ್ನ ಕುಡದು ಸತ್ತಾನ್ರಿ!”

ಹರಪನಹಳ್ಳಿಯ ಡಾಕ್ಟರಮ್ಮ ಮುಚ್ಚಿಡಲಿಲ್ಲ. “ಅದೇ ಕಣಮ್ಮ, ತಾಮ್ರದ ಉಪ್ಪು. ಆದ್ರೆ ತೂಕ ಮಾಡಿ, ಚಿಟಿಕೆಗಿಂತ ಕಮ್ಮಿ ಹಾಕಿರೋದು. ಕಬ್ಬಿಣದ ಔಷಧ ಒಂದಕ್ಕೇ ರಕ್ತ ಏರ್ಲಿಲ್ಲ, ನೋಡಿದೆಯಲ್ಲ. ಮಗೂಗೆ ತಾಮ್ರದ ಅಂಶಾನೂ ಸಾಲ್ದು. ಅದಕ್ಕೇ ಗುಂಡಿಗೆ ಊದಿದೆ, ರಕ್ತನಾಳದಲ್ಲಿ ಕಸುವಿಲ್ಲ. ಬರೀ ಹಾಲು ಕುಡಿಸ್ತೀಯಲ್ಲ, ಹಾಲಲ್ಲಿ ತಾಮ್ರ ಇರೋದೇ ಕಮ್ಮಿ. ದಿನಾ ಐದು ಹನಿ ಹಾಕು. ಶೇಂಗಾ, ಹೆಸರುಕಾಳು ನುಣ್ಣಗೆ ಪುಡಿ ಮಾಡಿ ಗಂಜೀಲಿ ತಿನ್ನಿಸು.”

ಗಂಜಿ ಎಂಬ ಮಾತಿಗೇ ಗಾಳೆಮ್ಮ ಕೂಸನ್ನು ಎದೆಗೆ ಅವುಚಿಕೊಂಡಳು. ಮೊದಲ ಮಗಳು ಎಂಟು ತಿಂಗಳಿಗೆ ಗಂಜಿ ಉಂಡು, ವಾಂತಿಭೇದಿಯಾಗಿ ಎರಡೇ ದಿನದಲ್ಲಿ ಹೋಗಿದ್ದಳು. ಈ ಕೂಸು ಓಬಳೇಶ ಹುಟ್ಟಿದ ಮೇಲೆ ಹಾಲು ಬಿಟ್ಟು ಬೇರೇನನ್ನೂ ಅವನ ತುಟಿಗೆ ಸೋಕಿಸಿರಲಿಲ್ಲ. ಗಂಡ ಸುಂಕಪ್ಪ ರಸ್ತೆ ಕೆಲಸದ ಗ್ಯಾಂಗ್‌ಮನ್. ಸರ್ಕಾರಿ ಸಂಬಳ, ಹಾಲಿಗೆ ಕೊರತೆಯಿರಲಿಲ್ಲ. ಹದಿನಾರು ತಿಂಗಳಾದರೂ ಕೂಸು ನಿಲ್ಲುತ್ತಿರಲಿಲ್ಲ. ಬಿಳುಚಿದ ಹಣೆಯ ಮೇಲೆ ನರಗಳು ಎದ್ದು ಕಾಣುತ್ತಿದ್ದವು.

ಕೊಟ್ಟೂರಿನ ಮನೆಯಲ್ಲಿ ಸೀಸೆ ನೋಡಿದ ಅತ್ತೆ ಗಿಡ್ಡಮ್ಮ ಹೌಹಾರಿದಳು. “ಚೆಲ್ಲು ಅದನ್ನ! ಇದ್ದೊಂದು ಕೂಸಿಗೂ ವಿಷಾ ಹಾಕ್ತಿಯೇನು?”

ಸುಂಕಪ್ಪ ಹೊಸ್ತಿಲ ಮೇಲೆ ಕುಂತುಬಿಟ್ಟ. “ನನಗೂ ತಿಳಿವಲ್ದು. ನಿನಗೆ ಹೆಂಗ ಅನಸ್ತೈತೋ ಹಂಗ ಮಾಡು.”

ಕೂಸು ಎರಡು ಗುಟುಕು ಹಾಲು ಕುಡಿದು ದಣಿಯಿತು. ಪಕ್ಕೆಗಳು ಒಳಸೇದುತ್ತಿದ್ದವು. ಗಾಳೆಮ್ಮ ಐದು ಹನಿ ತನ್ನ ನಾಲಿಗೆಯ ಮೇಲೇ ಬಿಟ್ಟುಕೊಂಡಳು. ಬಾಯೆಲ್ಲ ಒಗರು. ಅತ್ತೆ ಬಾಯಿ ಬಡಿದುಕೊಂಡಳು. ಗಾಳೆಮ್ಮ ಬಿಸಿಲು ಅಂಗಳ ದಾಟುವವರೆಗೆ ಕಾದಳು, ಏನೂ ಆಗಲಿಲ್ಲ. ಆಮೇಲೆ ಹಾಲಿಗೆ ಐದು ಹನಿ ಎಣಿಸಿ ಹಾಕಿ ಕುಡಿಸಿದಳು.

ಕೂಸು ಒಮ್ಮೆ ಓಕರಿಸಿ ಕಣ್ಣು ಮುಚ್ಚಿತು.

“ಹೋತು!” ಎಂದಳು ಗಿಡ್ಡಮ್ಮ.

ಗಾಳೆಮ್ಮ ಕೂಸಿನ ಮೂಗಿನ ಬಳಿ ಬೆರಳಿಡಲೂ ಧೈರ್ಯ ಸಾಲದೆ ಹಾಗೇ ಕುಳಿತಳು. ಎಷ್ಟೋ ಹೊತ್ತಿನ ಮೇಲೆ ಮಡಿಲು ಬೆಚ್ಚಗೆ ಒದ್ದೆಯಾಯಿತು. ಕೂಸು ಉಚ್ಚೆ ಹೊಯ್ದಿತ್ತು. ಅವಳು ಬಿಕ್ಕಿ ಬಿಕ್ಕಿ ಅತ್ತಳು.

ಮರುದಿನದಿಂದ ಗಂಜಿ ಶುರುವಾಯಿತು. ಒಂದು ತುತ್ತು ಒಳಗಿಳಿಯುವವರೆಗೆ ಅವಳು ಇನ್ನೊಂದನ್ನು ಎತ್ತುತ್ತಿರಲಿಲ್ಲ.

ಆರು ವಾರದ ಮೇಲೆ ಡಾಕ್ಟರಮ್ಮ ಕೂಸಿನ ಎದೆಗೆ ಕೊಳವೆಯಿಟ್ಟು ಬಹಳ ಹೊತ್ತು ಕೇಳಿದರು. “ಊತ ಇಳೀತಿದೆ. ಪೂರ್ತಿ ಸರಿಹೋಗೋಕೆ ಇನ್ನೂ ದಿನ ಬೇಕು. ತಿನ್ನಿಸೋದು ನಿಲ್ಲಿಸ್ಬೇಡ.”

ವಾಪಸಾಗುವ ಬಸ್ಸಿನಲ್ಲಿ ಪಕ್ಕದ ಮುದುಕಿ ಮಂಡಕ್ಕಿ ತಿನ್ನುತ್ತಿದ್ದಳು. ಮಡಿಲಲ್ಲಿದ್ದ ಓಬಳೇಶ ಅತ್ತ ಬಗ್ಗಿ ಬಾಯಿ ತೆರೆದ. ಮುದುಕಿ ನಕ್ಕು, ಒಂದು ಕಾಳು ಅವನ ನಾಲಿಗೆಯ ಮೇಲಿಟ್ಟಳು. ಗಾಳೆಮ್ಮ ತಡೆಯಲಿಲ್ಲ; ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಅವನ ಪುಟ್ಟ ದವಡೆ ಆಡುವುದನ್ನೇ ನೋಡುತ್ತಿದ್ದಳು.